ನಾಗಿ ಕೊಟ್ಟ ಅಕ್ಕಿ

ಬೊಬ್ರುವಾಡದ ನಾಗಿಗೆ ಸಿಟ್ಟು ಬಂದರೆ ಕೂಗಾಡುವ ಅಭ್ಯಾಸವಿರಲಿಲ್ಲ. ಸುಮ್ಮನಾಗಿಬಿಡುತ್ತಿದ್ದಳು. ಅವಳನ್ನು ಬಲ್ಲವರಿಗೆ ಆ ಮೌನದ ಭಯವೇ ಹೆಚ್ಚು. ಪಕ್ಕದ ಗದ್ದೆಯ ಬಾಬು ಒಂದು ಮಳೆಗಾಲ ಅಂಚು ಕಡಿದು ಇವರ ಗದ್ದೆಯ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದ. ನಾಗಿ ಅವನೊಡನೆ ಹನ್ನೊಂದು ವರ್ಷ ಮಾತಾಡಲಿಲ್ಲ. ಹನ್ನೆರಡನೆಯ ವರ್ಷ ಅವನಾಗಿಯೇ ಗುದ್ದಲಿ ತಂದು ಅಂಚು ಕಟ್ಟಿಕೊಟ್ಟ ದಿನ, ನಿನ್ನೆಯಷ್ಟೇ ಮಾತು ನಿಂತಿತ್ತೇನೋ ಎಂಬಂತೆ, "ಚಾ ಕುಡಿತ್ಯನಾ ಬಾಬು?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಯಾವುದನ್ನೂ ಮರೆತಿರಲಿಲ್ಲ. ಕಾದಿದ್ದಳು, ಅಷ್ಟೆ.

ಹತ್ತನೆಯ ವಯಸ್ಸಿಗೇ ಸಸಿ ನೆಡುವ ಕೂಲಿಗೆ ಇಳಿದ ಹೆಂಗಸು ಅವಳು. ಶನಿಯಾರನ ಮನೆಗೆ ಸೊಸೆಯಾಗಿ ಬಂದ ಮೇಲೆ ಮಳೆಗಾಲದಲ್ಲಿ ಊರವರ ಗದ್ದೆ, ಬೇಸಿಗೆಯಲ್ಲಿ ಹಿತ್ತಲಿನ ಬಸಳೆ, ಹರಿವೆ. ಭಾನುವಾರ ಬುಟ್ಟಿ ಹೊತ್ತು ಮೊದಲ ಬಸ್ಸಿಗೆ ಅಂಕೋಲೆಯಿಂದ ಕಾರವಾರದ ಸಂತೆಗೆ ಹೋದರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ನಾಗಿಯ ಸೊಪ್ಪಿನ ಕಟ್ಟು ಸಣ್ಣದಾಯಿತೆಂದು ಯಾವ ಗಿರಾಕಿಯೂ ಅಂದದ್ದಿಲ್ಲ. ನೆರೆಮನೆಯವರು ಬಟ್ಟಲಲ್ಲಿ ಪಲ್ಯ ಕೊಟ್ಟರೆ ಆ ಬಟ್ಟಲು ಅವಳ ಮನೆಯಿಂದ ಬರಿದಾಗಿ ಹಿಂದಿರುಗುತ್ತಿರಲಿಲ್ಲ; ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಾದರೂ ಇರುತ್ತಿತ್ತು. ಅವಳಿಗಿದ್ದ ಜಂಬ ಅದೊಂದೇ.

ಎರಡು ಸಾವಿರದ ಹತ್ತೊಂಬತ್ತರ ಮಳೆಗಾಲದಲ್ಲಿ ನೆರೆ ಬಂದು ಅವರ ಹದಿನೈದು ಗುಂಟೆಯ ಗದ್ದೆ ಮುಳುಗಿತು. ನೀರು ಇಳಿದ ಮೇಲೆ ಶನಿಯಾರ ಹಟಕ್ಕೆ ಬಿದ್ದು ಮತ್ತೊಮ್ಮೆ ನೆಟ್ಟ. ಅರೆಬರೆ ಬೆಳೆ ಬಂತು. ಅವನೇ ಕೊಯ್ದ, ಬಡಿದ, ಬೇಯಿಸಿ ಒಣಗಿಸಿದ, ಗಿರಣಿಗೆ ಹೊತ್ತು ಅಕ್ಕಿ ಮಾಡಿಸಿ ತಂದ. ಪುಷ್ಯ ಮಾಸದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಜಗಲಿಯ ಮೇಲೆ ಕುಳಿತವನು ಏಳಲಿಲ್ಲ.

ಆ ಅಕ್ಕಿಯನ್ನು ನಾಗಿಗೆ ಉಣ್ಣಲಾಗಲಿಲ್ಲ. ಅನ್ನ ಬಡಿಸಿಕೊಂಡರೆ ತುತ್ತು ಇಳಿಯದು. ಮೂರು ತಿಂಗಳಲ್ಲಿ ಕೊರೋನಾ ಬಂತು, ಲಾಕ್‌ಡೌನ್ ಆಯಿತು. ಹೆದ್ದಾರಿ ಕೆಲಸಕ್ಕೆ ಬಂದ ಉತ್ತರದ ಕೂಲಿಗಳು ಊರಿಗೆ ಹೋಗಲಾರದೆ ಅಂಕೋಲೆಯಲ್ಲೇ ಉಳಿದರು. ಪೇಟೆಯ ಒಂದು ಮದುವೆ ಹಾಲ್‌ನಲ್ಲಿ ಹುಡುಗರು ಸೇರಿ ಅವರಿಗೆ ಅನ್ನ ಬೇಯಿಸುತ್ತಿದ್ದಾರೆ, ಅಕ್ಕಿ ಸಾಲುತ್ತಿಲ್ಲ ಎಂಬ ಸುದ್ದಿ ಬೊಬ್ರುವಾಡಕ್ಕೂ ಬಂತು. ಗಂಡನ ಹೆಸರಿನಲ್ಲಿ ಹಸಿದವರ ಹೊಟ್ಟೆಗೆ ಹೋಗಲಿ ಎಂದು ನಾಗಿ ಒಂದು ಚೀಲ ತುಂಬಿದಳು. ಚೀಲದ ಮೂಲೆಯನ್ನು ಇಲಿ ಕಡಿದಿತ್ತು. ಶನಿಯಾರನ ನೀಲಿ ಚೌಕಳಿಯ ಹಳೆಯ ಲುಂಗಿಯಿಂದ ಅಂಗೈಯಗಲದ ತುಂಡು ಹರಿದು, ಕೈಗೆ ಸಿಕ್ಕಿದ ಕೆಂಪು ದಾರದಿಂದ ತೇಪೆ ಹಾಕಿದಳು. ತಲೆಯ ಮೇಲೆ ಹೊತ್ತು ಬಿಸಿಲಲ್ಲಿ ಪೇಟೆಗೆ ನಡೆದಳು.

ಹಾಲ್‌ನ ಬಾಗಿಲಲ್ಲಿ ಒಬ್ಬ ಪುಸ್ತಕ ಹಿಡಿದು ಕುಳಿತಿದ್ದ.

"ಯಾರ ಹೆಸರು ಬರೀಲಿ ಅಜ್ಜಿ?"

"ನಮ್ಮನೆಯವ್ರದ್ದು."

"ಹೆಸರು ಹೇಳಾ."

ನಲವತ್ತನಾಲ್ಕು ವರ್ಷ ಸಂಸಾರ ಮಾಡಿದರೂ ನಾಗಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಪಕ್ಕದಲ್ಲಿ ಹೇಳಿಕೊಡುವವರೂ ಇರಲಿಲ್ಲ. "ಬೊಬ್ರುವಾಡದವ್ರು, ಈಗ ಇಲ್ಲ" ಎಂದಳು. ಹಿಂದೆ ತೆಂಗಿನಕಾಯಿ ತಂದವರು, ಬೇಳೆ ತಂದವರು ನಿಂತಿದ್ದರು. ಅವನು ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು ಒಳಗೆ ಕಳಿಸಿದ.

ಒಳಗೆ ಸಂಕೇತನಿದ್ದ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರ ಮಗ, ಆ ಹುಡುಗರ ಗುಂಪಿನ ಮುಂದಾಳು. ಅವನು ಕೆಲಸ ಮಾಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ನಲವತ್ತು ದಿನ ಹಂಡೆಯ ಮುಂದೆ ಬೆವರಿದ್ದಾನೆ. ಆದರೆ ಹಂಡೆಯ ಮುಂದೆ ನಿಂತ ಪ್ರತಿ ದಿನವೂ ಫೋಟೋ ಆಗಬೇಕಿತ್ತು. ನಾಗಿ ಚೀಲ ಇಳಿಸಿ ಅವನ ಕೈಗೆ ದಾಟಿಸುವಾಗ, "ಹಾಂಗೇ ನಿಲ್ಲು ಅಜ್ಜಿ, ಸೆರಗು ಕೆಳಗೆ ಮಾಡು, ಮುಖ ಕಾಣ್ಲಿ" ಎಂದ. ಇಬ್ಬರೂ ಚೀಲದ ಒಂದೊಂದು ತುದಿ ಹಿಡಿದಿದ್ದರು. ಯಾರೋ ಕ್ಲಿಕ್ ಮಾಡಿದರು. ನಾಗಿ ಮನೆಗೆ ಬಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಐದಾರು ತಿಂಗಳು ಕಳೆದ ಮೇಲೆ ಮೀನಿನ ಬುಟ್ಟಿಯ ಮುಂದೆ ನೆರೆಮನೆಯ ದುರ್ಗಿ ನಾಲ್ಕು ಜನರೆದುರು ಕೇಳಿದಳು:

"ಏನೆ ನಾಗಿ, ಸಂಕೇತ ಕೊಟ್ಟ ಅಕ್ಕಿ ಇನ್ನೂ ಅದೆನೆ, ಖಾಲಿ ಆತನೆ?"

ನಾಗಿಗೆ ಅರ್ಥವಾಗಲಿಲ್ಲ. ದುರ್ಗಿ ಮಗನ ಮೊಬೈಲು ತೋರಿಸಿದಳು. ಅದೇ ಫೋಟೋ. ಕೆಳಗೆ ಬರೆದದ್ದನ್ನು ಮೊಮ್ಮಗಳು ಸ್ವಾತಿ ಮನೆಯಲ್ಲಿ ಓದಿ ಹೇಳಿದಳು: "ಹಸಿದ ಅಜ್ಜಿಗೊಂದು ಚೀಲ ಅಕ್ಕಿ. ಆ ಕಣ್ಣುಗಳಲ್ಲಿ ಕಂಡ ತೃಪ್ತಿಯೇ ನಮಗೆ ಆಶೀರ್ವಾದ."

ಇಬ್ಬರು ಒಂದು ಚೀಲ ಹಿಡಿದು ನಿಂತ ಚಿತ್ರದಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಚಿತ್ರ ಹೇಳುವುದಿಲ್ಲ. ಕೆಳಗೆ ಬರೆದವನು ಹೇಳಿದ್ದೇ ನಿಜ. ಶನಿಯಾರ ಎರಡು ಸಲ ನೆಟ್ಟು ಬೆಳೆದ ಅಕ್ಕಿ ಹಾಗೆ ಬೇರೆಯವನ ದಾನವಾಯಿತು, ಅವನ ಹೆಂಡತಿ ಕೈಯೊಡ್ಡಿದವಳಾದಳು.

ಮರುದಿನವೇ ನಾಗಿ ಸಂಕೇತನ ಅಂಗಡಿಗೆ ಹೋದಳು.

"ತಮಾ, ಆ ಫೋಟೋ ತೆಗಿ."

"ಯಾಕಜ್ಜಿ? ಎರಡು ಸಾವಿರ ಲೈಕ್ ಬಂದದೆ. ದುಬೈಲಿ ಇದ್ದವ್ರೂ ನಿನ್ನ ನೋಡೀರು."

"ಲೈಕ್ ನೀನೇ ಇಟ್ಕ. ತೆಗೀಲಿಕ್ಕೆ ಆಗ್ದಿದ್ರೆ ನಿಜ ಬರೆ. ಅಕ್ಕಿ ತಂದದ್ದು ನಾನು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸಂಕೇತ ಅವರ ಕಡೆ ನೋಡಿ ನಕ್ಕ. "ಅವತ್ತು ನೂರು ಜನ ತಂದೀರು, ನೂರು ಜನ ತಕಂಡೀರು. ನನಗೆ ನೆನಪಿರ್ತದ್ಯಾ? ಪುಸ್ತಕದಲ್ಲಿ ನಿನ್ನ ಹೆಸರು ಇದ್ರೆ ತೋರ್ಸು, ಈಗ್ಲೇ ತೆಗೀತೆ. ಸಾಕ್ಷಿ ಬೇಕಲ್ಲಾ ಅಜ್ಜಿ?"

ನಾಗಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಸುಮ್ಮನೆ ಮೆಟ್ಟಿಲಿಳಿದಳು.

ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ತೋಟದ ಕೆಲಸ ಮಾಡುವ ಮಗ ಸುನೀಲ ಭಾನುವಾರ ಬಂದಾಗ, "ಬಿಡು ಅವ್ವಿ, ಅವರೆದುರು ನಾವು ಎಂತ ಮಾಡೂಕೆ ಆತದೆ?" ಎಂದ. ನಾಗಿ ಅವನಿಗೆ ಬಂಗಡೆ ಸಾರು ಬಡಿಸಿದಳು.

ಆದರೆ ಅಂದಿನಿಂದ ಅವಳ ದಿನಚರಿಯಲ್ಲಿ ಒಂದು ಕೆಲಸ ಸೇರಿಕೊಂಡಿತು. ವಾರಕ್ಕೊಮ್ಮೆ ಸ್ವಾತಿಯನ್ನು ಕೂರಿಸಿಕೊಂಡು, "ಅವ ಎಂತ ಹಾಕಿದಾ, ತೋರ್ಸು" ಎನ್ನುವಳು. ಅಕ್ಷರ ಬಾರದ ನಾಗಿಯಷ್ಟು ನಿಷ್ಠೆಯಿಂದ ಸಂಕೇತನ ಫೇಸ್‌ಬುಕ್ ಪುಟ ನೋಡುವವರು ಅವನ ಮನೆಯಲ್ಲೂ ಇರಲಿಲ್ಲವೇನೋ. ಅವನು ರಕ್ತ ಕೊಟ್ಟದ್ದು, ಗಿಡ ನೆಟ್ಟದ್ದು, ಅದೇ ಜಾಗದಲ್ಲಿ ಮರುವರ್ಷ ಮತ್ತೆ ಗಿಡ ನೆಟ್ಟದ್ದು, ಎಲ್ಲ ಅವಳಿಗೆ ಬಾಯಿಪಾಠ. ಪ್ರತಿ ವರ್ಷ ಏಪ್ರಿಲಿನಲ್ಲಿ ಅವನು ಆ ಅಕ್ಕಿಯ ಫೋಟೋವನ್ನು ಹೊಸದಾಗಿ ಹಾಕುತ್ತಿದ್ದ. ಪ್ರತಿ ಸಲವೂ ನಾಗಿಯ ಮೌನ ಇನ್ನಷ್ಟು ಬಿಗಿಯುತ್ತಿತ್ತು. ಅವನ ಅಂಗಡಿಯಿಂದ ಒಂದು ಮೊಳೆ ಕೂಡ ಅವಳ ಮನೆಗೆ ಬರಲಿಲ್ಲ. ಹಿತ್ತಲ ಬೇಲಿಯ ಬಾಗಿಲು ಕಿತ್ತುಬಂದರೆ ತೆಂಗಿನ ಹಗ್ಗದಲ್ಲಿ ಬಿಗಿದಳು.

ಐದು ವರ್ಷಗಳ ಮೇಲೆ ದುರ್ಗಿಯೇ ಸುದ್ದಿ ತಂದಳು. ಸಂಕೇತನ ಸೇವಾ ಸಂಘಕ್ಕೆ ಐದು ವರ್ಷ ತುಂಬಿತಂತೆ. ಬರುವ ಭಾನುವಾರ ಬೆಳಿಗ್ಗೆ ದೊಡ್ಡ ಕಾರ್ಯಕ್ರಮ. "ನಿನ್ನ ಸ್ಟೇಜಿಗೆ ಕರೆದು ಶಾಲು ಹೊದಿಸ್ತ್ರಂತೆ. ಮತ್ತೊಂದು ಚೀಲ ಅಕ್ಕಿನೂ ಕೊಡ್ತ್ರಂತೆ. ನೀ ಬತ್ಯಾ ಕೇಳು ಅಂದಾ. ನಾ ಹೇಳ್ದೆ, ಅವ್ಳು ಬರೂಳಲ್ಲ ಅಂತ."

"ಬತ್ತೆ ಅಂತ ಹೇಳು" ಎಂದಳು ನಾಗಿ.

ದುರ್ಗಿ ಆ ಸುದ್ದಿ ಹೊತ್ತು ಆಗಲೇ ಹೊರಟಳು.

ಸ್ವಾತಿ ಆಗ ಕಾರವಾರದಲ್ಲಿ ಡಿಗ್ರಿ ಓದುತ್ತಿದ್ದಳು. ಗುರುವಾರ ಅಜ್ಜಿಯೂ ಅವಳೊಡನೆ ಬಸ್ಸು ಹತ್ತಿದಳು. ಸಂತೆಗೆ ಹೋಗುವಾಗಿನ ಪರಿಚಯದ ಹೀರಾ ಅಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದಳು. ವರ್ಷಗಟ್ಟಲೆ ನಾಗಿಯ ಹತ್ತಿರವೇ ಹರಿವೆ ಕೊಂಡವಳು, ಅವಳನ್ನು ಕೊಂಕಣಿಯಲ್ಲಿ ಮಾವಶೀ, ಚಿಕ್ಕಮ್ಮಾ, ಎಂದು ಕರೆಯುವವಳು. ಆ ಫೋಟೋವನ್ನು ದೊಡ್ಡದು ಮಾಡಿಸಿದರೆ ಚೀಲದ ತೇಪೆ ಕಾಣುತ್ತದೆ, ತನ್ನ ಗಂಡನ ಲುಂಗಿಯ ತೇಪೆ ಇರುವ ಚೀಲ ಸಂಕೇತನ ಮನೆಯದಾಗಲು ಹೇಗೆ ಸಾಧ್ಯ ಎಂದು ಎಲ್ಲರೆದುರು ಕೇಳಬೇಕು: ಇದು ನಾಗಿಯ ಲೆಕ್ಕಾಚಾರ.

ಸ್ವಾತಿ ಮೊದಲೇ ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರವನ್ನು ಹೀರಾ ಕಂಪ್ಯೂಟರಿನಲ್ಲಿ ಹಿಗ್ಗಿಸಿದಳು. ತೇಪೆಯಿದ್ದಲ್ಲಿ ನೀಲಿ ಮಸಿ ಚೆಲ್ಲಿದಂತಿತ್ತು. ನಾಗಿಯ ಮುಖ ಕೆಸರು ಮೆತ್ತಿದಂತಿತ್ತು.

"ಇದು ಆಗೂದಿಲ್ಲ ಮಾವಶೀ" ಎಂದಳು ಹೀರಾ. "ಮೊಬೈಲಲ್ಲಿ ಸ್ಕ್ರೀನ್‌ಶಾಟ್ ಹೊಡೆದು, ಅದನ್ನ ಮತ್ತೆ ವಾಟ್ಸಾಪಿಗೆ ಹಾಕೀದಾಳೆ ಇವ್ಳು. ಒಂದೇ ಕಾಯಿತುರೀನ ಮೂರು ಸಲ ಹಿಂಡಿದ್ರೆ ಹಾಲು ಎಲ್ಲಿಂದ ಬರಬೇಕು? ಬರೀ ನೀರು."

"ಹಾಂಗಾರೆ ಮೊದಲ್ನೇ ಹಾಲು ಎಲ್ಲದೆ?"

ಹೀರಾಗೆ ನಗು ಬಂತು. "ಅವನ ಪುಟದಲ್ಲೇ ಅದೆ. ಅವ ಹಾಕುವಾಗ ದೊಡ್ಡ ಸೈಜಿನಲ್ಲೇ ಹಾಕಿದ್ರೆ ನಮಗೂ ದೊಡ್ಡದೇ ಸಿಕ್ತದೆ. ಮೊಬೈಲಲ್ಲಿ ಹಿಡಿಬಾರ್ದು, ಕಂಪ್ಯೂಟರಲ್ಲಿ ಫೋಟೋನೇ ತೆರೆದು ಅಲ್ಲಿಂದ ಡೌನ್‌ಲೋಡ್ ಮಾಡ್ಬೇಕು. ಸ್ವಾತಿ, ನಿನ್ನ ಪುಟ ತೆಗಿ. ಲೈಕ್ ಮಾತ್ರ ಒತ್ತಬೇಡ ಮಾರಾಯ್ತಿ, ಅವನಿಗೆ ಗೊತ್ತಾತದೆ."

"ನಾ ಯಾಕೆ ಒತ್ತಲಿ ಅವನ ಲೈಕ್?" ಎಂದು ಸ್ವಾತಿ ಮುಖ ಸಿಂಡರಿಸಿ ಕೀಬೋರ್ಡಿಗೆ ಕೈ ಹಾಕಿದಳು.

ಮುಂದಿನ ವರ್ಷಗಳಲ್ಲಿ ಹಾಕಿದ್ದೆಲ್ಲ ಸಣ್ಣವೇ ಆಗಿದ್ದವು. ಎರಡು ಸಾವಿರದ ಇಪ್ಪತ್ತರ ಏಪ್ರಿಲಿನವರೆಗೆ ಇಳಿದು ಹೋದಾಗ ಮೂಲದ ಆಲ್ಬಮ್ಮು ಸಿಕ್ಕಿತು, ಒಟ್ಟು ಅರವತ್ತೆರಡು ಫೋಟೋ. ಅಕ್ಕಿ ಚೀಲದ್ದನ್ನು ತೆರೆದು ಇಳಿಸಿಕೊಂಡರು. ಹಿಗ್ಗಿಸಿದರೆ ನೀಲಿ ಚೌಕಳಿ ಒಂದೊಂದೂ ಎಣಿಸುವಂತಿತ್ತು. ಕೆಂಪು ದಾರದ ಹೊಲಿಗೆ, ಅದೂ ಒಂದು ಕಡೆ ಅವಸರದಲ್ಲಿ ಸೊಟ್ಟ ಹೋದದ್ದು. ನಾಗಿ ಪರದೆಯ ಹತ್ತಿರ ಬಗ್ಗಿ ಆ ತೇಪೆಯನ್ನು ಬೆರಳಿನಿಂದ ಮುಟ್ಟಿದಳು.

ಹೀರಾ ಮಾತ್ರ ತಲೆಯಾಡಿಸಿದಳು. "ಮಾವಶೀ, ಸಿಟ್ಟು ಮಾಡಬೇಡ. ಯಾರೋ ಕೊಟ್ಟ ಹಳೇ ಚೀಲದಲ್ಲಿ ತುಂಬಿಸಿ ನಾನೇ ಕೊಟ್ಟೆ ಅಂತ ಅವ ಅಂದ್ರೆ ಎಂತ ಮಾಡ್ತೆ? ನೀನು ಹೊತ್ಕಂಡು ಬಂದದ್ದು ಎಲ್ಲೂ ಇಲ್ಲಲ್ಲ."

ಅದು ನಿಜವಾಗಿತ್ತು. ನಾಗಿ ಬೆಂಚಿನ ಮೇಲೆ ಕುಳಿತಳು. ಸ್ವಾತಿ ಬೇಸರದಿಂದ ಉಳಿದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಹಂಡೆ, ಸಾಲು, ಬಾಳೆಲೆ, ಸೌಟು ಹಿಡಿದ ಸಂಕೇತ, ಕೈ ತೊಳೆಯುವ ಸಂಕೇತ, ಸೆಲ್ಫಿ ತೆಗೆದುಕೊಂಡ ಸಂಕೇತ. ಎಲ್ಲವೂ ನಾಗಿ ಮೊಬೈಲಿನಲ್ಲಿ ಹತ್ತಾರು ಸಲ ಕಂಡವೇ.

"ನಿಲ್ಸೆ!" ಎಂದಳು ಒಮ್ಮೆಲೆ. "ಒಂದು ಹಿಂದೆ ಹೋಗು."

ಸೆಲ್ಫಿ ಮರಳಿ ಬಂತು. ಮುಂದೆ ಸಂಕೇತನ ದೊಡ್ಡ ನಗುಮುಖ. ಅಂಗಳದಲ್ಲಿ ನಿಂತು ತೆಗೆದದ್ದು, ಅವನ ಭುಜದ ಹಿಂದೆ ಹಾಲ್‌ನ ಗೇಟು. ಮೊಬೈಲಿನಲ್ಲಿ ನೋಡುವಾಗ ಗೇಟಿನ ಪಕ್ಕದ ಕಂಬದಂತೆ ಕಾಣುತ್ತಿದ್ದದ್ದು ಇಲ್ಲಿ ಕಂಬವಾಗಿರಲಿಲ್ಲ.

"ಅದನ್ನ ದೊಡ್ಡ ಮಾಡು."

ಹೀರಾ ಹಿಗ್ಗಿಸಿದಳು. ಗೇಟಿನೊಳಗೆ ಕಾಲಿಡುತ್ತಿರುವ ಒಬ್ಬ ಹೆಂಗಸು. ಬಾಯಿಗೆ ಸೆರಗು ಸುತ್ತಿದೆ. ತಲೆಯ ಮೇಲೆ ಚೀಲ. ಒಂದು ಕೈ ಮೇಲೆತ್ತಿ ಚೀಲ ಹಿಡಿದಿದ್ದಾಳೆ, ಇನ್ನೊಂದು ಕೈ ಸೊಂಟದ ಮೇಲೆ. ಚೀಲದ ಮೂಲೆಯಲ್ಲಿ ನೀಲಿ ಚೌಕಳಿ.

"ಅಗೋ ಬಾಯ್!" ಎಂದು ಹೀರಾ ಕುರ್ಚಿಯಿಂದ ಅರ್ಧ ಎದ್ದಳು. "ಒಳಗೆ ಬರ್ತಾ ಇದ್ದೀ! ಅವನೇ ತೆಗೆದ ಫೋಟೋ, ಅವನೇ ಹಾಕಿದ್ದು!"

ತನ್ನ ಮುಖ ನೋಡಿಕೊಳ್ಳುವ ಭರದಲ್ಲಿ ಸಂಕೇತ ತನ್ನ ಬೆನ್ನ ಹಿಂದೆ ಏನಿದೆಯೆಂದು ನೋಡಿರಲಿಲ್ಲ. ಐದು ವರ್ಷ ಅದನ್ನು ಊರಿಗೆಲ್ಲ ತೆರೆದಿಟ್ಟುಕೊಂಡು ಕುಳಿತಿದ್ದ.

ನಾಗಿ ನಗಲಿಲ್ಲ. "ಮೊದ್ಲು ಅದನ್ನ ಒಳಗೆ ಹಾಕು" ಎಂದಳು. ಹೀರಾ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇಟ್ಟು, ಸ್ವಾತಿಯ ಮೊಬೈಲಿಗೆ ಡಾಕ್ಯುಮೆಂಟ್ ಮಾಡಿ ಕಳಿಸಿದಳು; ಹಾಗೆ ಕಳಿಸಿದರೆ ವಾಟ್ಸಾಪು ಚಿತ್ರವನ್ನು ಹಿಂಡುವುದಿಲ್ಲವೆಂದು ಹೇಳಿಯೂ ಕೊಟ್ಟಳು. ನಾಗಿಯ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಲೇ ಎಂದು ಕೇಳಿದ್ದಕ್ಕೆ ನಾಗಿ ಒಪ್ಪಲಿಲ್ಲ.

"ಬೇಡ. ಅವನೂ ಇರ್ಲಿ. ಅವ ನಗ್ತಾ ಇರೂದೇ ನಂಗೆ ಬೇಕು."

ಎರಡು ಫೋಟೋಗಳನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದರು. ಎಡಕ್ಕೆ ಚೀಲ ಹೊತ್ತು ಬಂದದ್ದು, ಬಲಕ್ಕೆ ಚೀಲ ದಾಟಿಸಿದ್ದು.

ಭಾನುವಾರ ಹಾಲ್ ತುಂಬಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಸಂಕೇತನೂ ನಾಗಿಯೂ ಆಳೆತ್ತರಕ್ಕೆ ಚೀಲ ಹಿಡಿದು ನಿಂತಿದ್ದರು. ಅಕ್ಷರಗಳು ತೇಪೆಯ ಮೇಲೆ ಬಂದಿದ್ದವು. ಮುಖ್ಯ ಅತಿಥಿಯಾಗಿ ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಿಜೇತಾ ಮೇಡಂ. ನಾಗಿಯ ಹೆಸರು ಕರೆದರು. ಅವಳು ಒಗೆದ ಸೀರೆಯುಟ್ಟು, ಹಳೆಯ ಸೀರೆಯಲ್ಲಿ ಸುತ್ತಿದ ಚೌಕಟ್ಟನ್ನು ಕಂಕುಳಲ್ಲಿಟ್ಟು ಹತ್ತಿದಳು. ಶಾಲು ಹೊದಿಸಿದರು. ಅಂಗಡಿಯ ಹೊಸ ಅಕ್ಕಿ ಚೀಲ ಮುಂದೆ ಬಂತು. ಸಂಕೇತ ಒಂದು ತುದಿ ಹಿಡಿದು, "ಹಿಡಿ ಅಜ್ಜಿ, ಮೊದಲಿನ ಹಾಂಗೆ" ಎಂದು ಕ್ಯಾಮೆರಾದ ಕಡೆಗೆ ತಿರುಗಿದ.

ನಾಗಿ ಚೀಲಕ್ಕೆ ಕೈ ಹಾಕಲಿಲ್ಲ.

"ನಾ ಬರಿಗೈಲಿ ತಕಂಬೂಳಲ್ಲ, ತಮಾ. ನಾನೂ ಒಂದು ತಂದೀದೆ." ಚೌಕಟ್ಟಿಗೆ ಸುತ್ತಿದ್ದ ಹಳೆಯ ಸೀರೆ ಬಿಚ್ಚಿ ಅದನ್ನು ಅವನಿಗಲ್ಲ, ವಿಜೇತಾ ಮೇಡಂ ಕೈಗೆ ಕೊಟ್ಟಳು.

ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಎದುರಿಗೇ ಮೈಕು ಇತ್ತು. "ಓಹೋ, ಹಳೇ ಫೋಟೋ... ಇದರಲ್ಲಿ ಸಂಕೇತ ಅವರ ಹಿಂದೆ ಗೇಟಿನಲ್ಲಿ ಬರ್ತಾ ಇರೋದು ನೀವೇ ಅಲ್ವಾ ಅಮ್ಮಾ? ತಲೆ ಮೇಲೆ ಇದೇ ಚೀಲ. ನೀಲಿ ತೇಪೆ ಎರಡರಲ್ಲೂ ಇದೆ." ಸ್ವಲ್ಪ ತಡೆದು, ಬಾಯಿಗೆ ಬಂದದ್ದನ್ನು ಅವರು ಹಾಗೆಯೇ ಕೇಳಿಬಿಟ್ಟರು: "ಹಾಗಾದ್ರೆ ಅಕ್ಕಿ ತಂದವರು ನೀವಾ?"

ಆ ಮಾತು ಹಾಲ್‌ನ ನಾಲ್ಕು ಸ್ಪೀಕರುಗಳಿಂದಲೂ ಬಂತು.

"ಹೌದು" ಎಂದಳು ನಾಗಿ. "ನಮ್ಮ ಗದ್ದೆಯ ಅಕ್ಕಿ. ಆ ತೇಪೆ ನಮ್ಮನೆಯವ್ರ ಲುಂಗಿ. ಐದು ವರ್ಷದ ಹಿಂದೆ ಇವನ ಅಂಗಡಿಗೆ ಹೋಗಿ ಹೇಳ್ದೆ. ಸಾಕ್ಷಿ ತಕಂಡು ಬಾ ಅಂದಾ. ತಂದೀದೆ. ಇವನೇ ತೆಗೆದದ್ದು."

ಸಂಕೇತ ಚೀಲದ ತುದಿ ಹಿಡಿದೇ ನಿಂತಿದ್ದ. ಎದುರು ತುದಿ ಹಿಡಿಯುವವರಿಲ್ಲದೆ ಚೀಲ ವಾಲಿ ಅವನ ಕಾಲ ಮೇಲೆ ಕುಳಿತಿತ್ತು. ಕ್ಯಾಮೆರಾದವನಿಗೆ ನಿಲ್ಲಿಸಬೇಕೆಂದು ತೋಚಲಿಲ್ಲ, ಕ್ಲಿಕ್ಕಿಸುತ್ತಲೇ ಇದ್ದ. ಮೂರನೆಯ ಸಾಲಿನಲ್ಲಿ ದುರ್ಗಿ ಎಲ್ಲರಿಗೂ ಕೇಳುವಂತೆ, "ಅಬಾ! ನಾ ಅವತ್ತೇ ಹೇಳೀದೆ, ನಾಗಿ ಬೇಡೂ ಪೈಕಿ ಅಲ್ಲ ಅಂತ!" ಎಂದಳು. ನಾಗಿ ಅವಳನ್ನೊಮ್ಮೆ ನೋಡಿದಳು. ದುರ್ಗಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಜನ ವೇದಿಕೆಗೆ ನುಗ್ಗಿ ಚೌಕಟ್ಟಿನ ಫೋಟೋ ತೆಗೆದುಕೊಂಡರು. ಸಂಜೆಯೊಳಗೆ ಅದು ಅಂಕೋಲೆ ದಾಟಿ ಹೋಗಿತ್ತು. ನಾಗಿ ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಬಂದಿದ್ದಳು. ಅಂದು ದಾರಿಯುದ್ದಕ್ಕೂ ಅವಳ ನಡಿಗೆ ನೋಡಿದ ಸ್ವಾತಿಗೆ, ಅಜ್ಜಿ ಐದು ವರ್ಷ ಚಿಕ್ಕವಳಾದಂತೆ ಕಂಡಿತು.

ಮೂರನೆಯ ದಿನ ಸಂಕೇತ ಬೊಬ್ರುವಾಡಕ್ಕೆ ಬಂದ. ಗಡ್ಡ ಬೋಳಿಸಿರಲಿಲ್ಲ. ಜಗಲಿಯ ತುದಿಯಲ್ಲಿ ನಿಂತ.

"ಅಜ್ಜಿ, ಆ ಬರಹ ನಾನೇ ಬರೆದದ್ದಲ್ಲ, ಹುಡುಗ್ರು ಯಾರೋ..."

"ನೀ ಓದಿದ್ಯೋ ಇಲ್ವೋ?"

ಸಂಕೇತ ಮಾತು ಬದಲಿಸಿದ. "ಜನ ಬಾಯಿಗೆ ಬಂದ ಹಾಂಗೆ ಬರೀತಾ ಅವ್ರೆ. ಅಪ್ಪ ಅಂಗಡೀಲಿ ಕೂತ್ಕಳೂಕೆ ಆಗೂದಿಲ್ಲ ಅಂತ್ರು. ಆ ಫೋಟೋ ಈಗ್ಲೇ ಅಳಿಸ್ತೆ. ನಿನ್ನೆದುರೇ ಅಳಿಸ್ತೆ, ನೋಡು." ಮೊಬೈಲು ಹೊರಗೆ ತೆಗೆದ.

"ಮುಟ್ಟಬೇಡ" ಎಂದಳು ನಾಗಿ.

ಅವನಿಗೆ ಅರ್ಥವಾಗಲಿಲ್ಲ. "ನೀನೇ ಹೇಳಿದ್ಯಲ್ಲಾ, ತೆಗಿ ಅಂತ?"

"ಅವತ್ತು ಹೇಳ್ದೆ. ಅವತ್ತು ತೆಗೆದಿದ್ರೆ ಮುಗೀತಿತ್ತು. ಈಗ ಅಳಿಸಿದ್ರೆ ನಿನ್ನ ಸುಳ್ಳೂ ಹೋತು, ನಮ್ಮ ಅಕ್ಕಿನೂ ಹೋತು. ಬರೂ ವರ್ಷ ಯಾರಿಗೂ ನೆನಪಿಲ್ಲ. ಇರ್ಲಿ. ಅಲ್ಲೇ ಇರ್ಲಿ. ಅದರ ಕೆಳಗೆ ನಾ ಹೇಳಿದ್ದು ಬರೆ."

ಅವಳು ಹೇಳುತ್ತ ಹೋದಳು, ಅವನು ಒತ್ತುತ್ತ ಹೋದ. ಗಂಡನ ಹೆಸರು ಬರುವಲ್ಲಿ ಸ್ವಾತಿಯ ಕಡೆ ನೋಡಿದಳು. "ಶನಿಯಾರ" ಎಂದು ಮೊಮ್ಮಗಳು ಹೇಳಿದಳು. "ಸುಳ್ಳು" ಎಂಬಲ್ಲಿ ಸಂಕೇತನ ಬೆರಳು ನಿಂತಿತು.

"ತಪ್ಪಾಗಿ ಬರೆದಿದ್ದೆ ಅಂತ ಹಾಕ್ಲಾ ಅಜ್ಜಿ?"

"ತಪ್ಪು ಅಂದ್ರೆ ಗೊತ್ತಿಲ್ದೇ ಆದದ್ದು. ನಾ ನಿನ್ನ ಅಂಗಡಿ ಮೆಟ್ಲು ಹತ್ತಿ ಹೇಳಿದ್ಮೇಲೆ ಅದು ತಪ್ಪಲ್ಲ."

ಅವನು ಅವಳು ಹೇಳಿದ ಮಾತನ್ನೇ ಬರೆದು ಹಾಕಿದ. ಸ್ವಾತಿ ತನ್ನ ಮೊಬೈಲಿನಲ್ಲಿ ಆ ಪುಟ ತೆರೆದು ಓದಿದಳು: "ಈ ಫೋಟೋದಲ್ಲಿ ಅಕ್ಕಿ ಕೊಟ್ಟವರು ಬೊಬ್ರುವಾಡದ ನಾಗಿ. ತೆಗೆದುಕೊಂಡವನು ಸಂಕೇತನಾದ ನಾನು. ಅದು ಶನಿಯಾರ ಅವರು ಬೆಳೆದ ಅಕ್ಕಿ. ಐದು ವರ್ಷ ನಾನು ಸುಳ್ಳು ಹೇಳಿದ್ದೆ."

"ಮತ್ತೊಮ್ಮೆ ಓದು."

ಸ್ವಾತಿ ಓದಿದಳು. ಸಂಕೇತ ನೆಲ ನೋಡುತ್ತ ನಿಂತ.

"ಇನ್ನೊಂದ್ಸಲ."

ಮೂರನೆಯ ಸಲ ಓದಿ ಮುಗಿಯುವವರೆಗೆ ನಾಗಿ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಇನ್ನು ಹೋಗು" ಎಂದಳು. ಅವನು ಅಂಗಳಕ್ಕಿಳಿದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗಲೇ, ಅವನಿಗೆ ಕೇಳಿಸುವಂತೆ ಮೊಮ್ಮಗಳಿಗೆ ಹೇಳಿದಳು:

"ಮನೆ ಮುಟ್ಟಿ ಅಳಿಸೂದ್ರೊಳಗೆ ಅವ ಬರೆದದ್ದನ್ನೂ ತೆಗೆದಿಡು. ಮೊಬೈಲಲ್ಲಿ ಬೇಡ, ನಾಳೆ ಬೆಳಿಗ್ಗೆವರೆಗೂ ಕಾಯೂದು ಬೇಡ. ಹೀರಾಗೆ ಫೋನ್ ಮಾಡು, ಈಗ್ಲೇ ಕಂಪ್ಯೂಟರಲ್ಲಿ ಪೂರಾ ಸೈಜಿನಲ್ಲಿ ಇಳಿಸ್ಲಿ."